ಮೂವತ್ತೆಂಟು, ಓಡಿ ಬನ್ನಿ

"ನಿಮಗೆ ಹೃದಯ ಅನ್ನೋದು ಇದೆಯಾ?"

ನವಜಾತ ಶಿಶುಗಳ ವಾರ್ಡಿನ ಸಿಸ್ಟರ್ ನನ್ನೆದುರು ನಿಂತು ಆಡಿದ ಮೊದಲ ಮಾತು ಅದು. ಅವಳು ಕಳಿಸಿದ ರಕ್ತವನ್ನು ಲ್ಯಾಬಿನಿಂದ ಎರಡನೇ ಬಾರಿ ತಿರುಗಿಸಿ ಕಳಿಸಿದ್ದೆ. ಮಾಸ್ಕಿನ ಮೇಲೆ ಬರೀ ಕಣ್ಣು ಕಾಣುತ್ತಿದ್ದವು, ಅವೂ ಉರಿಯುತ್ತಿದ್ದವು.

"ರಕ್ತಕಣ ಒಡೆದು ಸೀರಮ್ ಕೆಂಪಾಗಿದೆ ಸಿಸ್ಟರ್. ಇದರಲ್ಲಿ ಇನ್ಸುಲಿನ್ ಇದ್ರೂ ಇಲ್ಲ ಅಂತ ಬರಬಹುದು. ಸುಳ್ಳು ರಿಪೋರ್ಟ್ ಹೇಗೆ ಕೊಡಲಿ?"

"ನಾಲ್ಕು ದಿನದ ಕೂಸು ರೀ. ನಾಲಿಗೆ ಬಾಯಲ್ಲಿ ಹಿಡಿಸ್ತಿಲ್ಲ, ಕಿವಿ ಮೇಲೆ ಗೆರೆ. ಹುಟ್ಟಿನಿಂದಲೇ ಬಂದ ಅಪರೂಪದ ಸಿಂಡ್ರೋಮ್ ಇರಬೇಕು ಅಂತಾರೆ ಡಾಕ್ಟರ್. ಎಷ್ಟು ಗ್ಲೂಕೋಸ್ ಕೊಟ್ರೂ ಶುಗರ್ ಬೀಳ್ತಾನೇ ಇದೆ. ಬಿದ್ದಾಗಲೇ ರಕ್ತ ತೆಗೀಬೇಕು, ಆಮೇಲೇ ಗ್ಲೂಕೋಸ್. ಆ ಒಂದು ನಿಮಿಷ ಅದರ ಮಿದುಳು ಹಸಿದಿರುತ್ತೆ. ಎರಡು ಸಲ ಹಸಿವಿನಲ್ಲಿಟ್ಟಿದ್ದೀನಿ. ನಿಮ್ಮಿಂದ."

ತಪ್ಪು ನನ್ನದೇ ಇರಬಹುದೇ? ಟ್ಯೂಬನ್ನು ಮತ್ತೆ ಬೆಳಕಿಗೆ ಹಿಡಿದೆ. ಕೆಂಪೇ.

"ಮುಂದಿನ ಸಲ ಹಿಮ್ಮಡಿ ಹಿಂಡಬೇಡಿ, ನರದಿಂದ ತೆಗೀರಿ. ಐಸ್ ಹಿಡ್ಕೊಂಡು ನಾನೇ ಬರ್ತೀನಿ."

"ಪಾಠ ಬೇರೆ!" ಎಂದು ಹೊರಟಳು. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು.

ಹನ್ನೊಂದೂವರೆಗೆ ಫೋನು. "ಶುಗರ್ ಮೂವತ್ತೆಂಟು. ಓಡಿ ಬನ್ನಿ."

ಮೂರು ಮಹಡಿ ಓಡಿದೆ. ಹುಬ್ಬಿನ ಕೂದಲಷ್ಟು ತೆಳುವಾದ ನರದಿಂದ ರಕ್ತ ತಾನಾಗಿ ತೊಟ್ಟಿಕ್ಕುತ್ತಿತ್ತು. ಅವಳ ಬೆರಳು ನಡುಗುತ್ತಿರಲಿಲ್ಲ, ರೆಪ್ಪೆ ನಡುಗುತ್ತಿತ್ತು. ಟ್ಯೂಬು ನನ್ನ ಅಂಗೈಗೆ ಬಂದ ಮರುಕ್ಷಣ ಗ್ಲೂಕೋಸ್ ಕೊಟ್ಟಳು.

"ಇದನ್ನೂ ವಾಪಸ್ ಕಳಿಸಿದ್ರೆ ನೋಡಿ..." ಎಂದಳು.

ಸೀರಮ್ ಒಣಹುಲ್ಲಿನ ಬಣ್ಣಕ್ಕೆ ತಿಳಿಯಾಗಿತ್ತು. ಶುಗರ್ ಅಷ್ಟು ಬಿದ್ದಾಗ ಇನ್ಸುಲಿನ್ ಇರಲೇಬಾರದು. ಇಪ್ಪತ್ತಾರು ಬಂತು. ನನ್ನನ್ನೇ ನಂಬದೆ ಮತ್ತೆ ಟೆಸ್ಟ್ ಹಾಕಿದೆ. ಇಪ್ಪತ್ತಾರು.

"ಇನ್ಸುಲಿನ್ನೇ, ಸಿಸ್ಟರ್," ಎಂದೆ ಫೋನಿನಲ್ಲಿ. ಇನ್ಸುಲಿನ್ ತಡೆಯುವ ಔಷಧ ಅಂದೇ ಶುರುವಾಯಿತು.

ಅದಾದ ಆರನೆಯ ದಿನ ಮಧ್ಯಾಹ್ನ ಲ್ಯಾಬಿಗೆ ಬಂದಳು. ಮಾಸ್ಕ್ ಇರಲಿಲ್ಲ, ಕೆನ್ನೆಯ ಮೇಲೆ ಅದರ ಗೀರು ಮಾತ್ರ ಇತ್ತು.

"ಎಪ್ಪತ್ತೆರಡು. ಡ್ರಿಪ್ ತೆಗೆದ್ವಿ. ಅಷ್ಟುದ್ದ ನಾಲಿಗೆ ಇಟ್ಕೊಂಡೇ ಹಾಲು ಕುಡೀತಿದಾನೆ, ಕಳ್ಳ." ಟೇಬಲ್ಲಿನ ಅಂಚು ಕೆರೆದಳು. "ಆವತ್ತು ಹೃದಯದ ವಿಷಯ ಏನೋ ಅಂದೆ..."

"ಆವತ್ತಿಂದ ನಾನೂ ಅದನ್ನೇ ಯೋಚಿಸ್ತಿದ್ದೀನಿ. ಇದೆಯೋ ಇಲ್ವೋ ಅಂತ."

"ಅಯ್ಯೋ, ಎಂಥಾ ಮನುಷ್ಯರಪ್ಪಾ! ನನಗೆ ನೀವು ಇಷ್ಟ ಕಣ್ರೀ."

ಕೈಯಲ್ಲಿದ್ದ ಟ್ಯೂಬಿಗೆ ಸ್ಟ್ಯಾಂಡಿನ ತೂತು ಸಿಗಲೇ ಇಲ್ಲ.

"ಇನ್ನೊಂದ್ಸಲ ಹೇಳಿ."

"ಯಾಕೆ, ಕಿವಿ ಕೇಳಿಸಲ್ವಾ?"

"ಕೇಳಿಸ್ತು. ಎರಡು ಸಲ ಒಂದೇ ಬರದೆ ನಾನು ಯಾವುದಕ್ಕೂ ಸಹಿ ಹಾಕಲ್ಲ."

ಅವಳು ಹತ್ತಿರ ಬಂದು, ಟ್ಯೂಬನ್ನು ನನ್ನ ಕೈಯಿಂದ ಬಿಡಿಸಿ ಸ್ಟ್ಯಾಂಡಿನಲ್ಲಿಟ್ಟು, ಅದನ್ನೇ ಹೇಳಿದಳು. ಒಂದಕ್ಷರವೂ ಹೆಚ್ಚುಕಡಿಮೆಯಿಲ್ಲದೆ.