ಏಳನೇ ಚಿಪ್ಪಿಗೆ ಬಂದು ನಿಂತ ಸಿ.ಡಿ.

ಒಂದಾನೊಂದು ಊರಿನಲ್ಲಿ ಒಂದು ರಾಕ್ಷಸ ಇತ್ತು. ಅದು ಮನುಷ್ಯರನ್ನು ತಿನ್ನುತ್ತಿರಲಿಲ್ಲ, ಕಥೆಗಳನ್ನು ತಿನ್ನುತ್ತಿತ್ತು. ಕಥೆ ಕೊಡಿ, ಬೆಳ್ಳಿ ತಟ್ಟೆಯಲ್ಲಿಟ್ಟು ವಾಪಸು ಕೊಡುತ್ತೇನೆ ಎಂದು ನಂಬಿಸಿ ಅರ್ಧ ನುಂಗುತ್ತಿತ್ತು, ಉಳಿದರ್ಧ ಉಗುಳುತ್ತಿತ್ತು...

ಆ ಊರು ಕೋಟೇಶ್ವರ. ಆ ರಾಕ್ಷಸ, ವನಜಳ ಮನೆಯ ಹಳೇ ಕಂಪ್ಯೂಟರ್.

ಅದನ್ನು ಸಂಹರಿಸಬೇಕಿದ್ದ ರಾಜಕುಮಾರ ಕುಂದಾಪುರದ ರಿಪೇರಿ ಅಂಗಡಿಯಲ್ಲಿ ಕುಳಿತು ಗೋಳಿಬಜೆ ತಿನ್ನುತ್ತಿದ್ದ! ಕುದುರೆ ಇರಲಿಲ್ಲ. ತಿರುಗುವ ಕುರ್ಚಿ ಇತ್ತು, ಅದರದ್ದೂ ಒಂದು ಚಕ್ರ ಮುರಿದಿತ್ತು. ಹೆಸರು ಜಿತೇಂದ್ರ.

ರಿಕ್ಷಾದಿಂದ ಸಿ.ಪಿ.ಯು. ಡಬ್ಬವನ್ನು ಮಗುವಿನಂತೆ ಎತ್ತಿಕೊಂಡು ಬಂದ ವನಜ ಅದನ್ನು ಅವನ ಮೇಜಿನ ಮೇಲಿಟ್ಟಳು. ಏದುಸಿರು ಬರುತ್ತಿತ್ತು. ಅವನು ಕಣ್ಣೆತ್ತಲಿಲ್ಲ.

"ಹ್ವಾಯ್... ಇದ್ರಗೆ ಸಿ.ಡಿ. ಬರ್ನ್ ಆಪುದ್ ಭಾರೀ ನಿಧಾನ. ಮೊದ್ಲ್ ಆರ್ ನಿಮಿಷಕ್ಕ್ ಆತಿತ್ತ್. ಈಗ ಎರಡ್ ಗಂಟಿ. ಅದೂ ಸಮಾ ಆತಿಲ್ಲೆ, ಹಾಕಿ ಕೇಂಡ್ರೆ ಅರ್ಧಕ್ಕೇ ನಿಂತ್ ಹೋತ್ತ್."

ಆಗ ಅವನು ನೋಡಿದ. ನೋಡಿ ನಕ್ಕ!

"ಸಿ.ಡಿ.ಯಾ? ಮರಾಯ್ರೆ, ನನ್ನ್ ಅಂಗ್ಡಿಯಗೆ ಸಿ.ಡಿ. ಹಾಕು ಕಂಪ್ಯೂಟರ್ ಒಂದೂ ಇಲ್ಲೆ. ನಿಮ್ ಮನ್ಯಗೆ ಇನ್ನೂ ದೊಂದಿ ಹಚ್ಕಂಡ್ ಓಡಾಡ್ತ್ರ್ಯಾ ಹ್ಯಾಂಗೆ? ಪೆನ್‌ಡ್ರೈವಿಗ್ ಹಾಕಿ ಕೊಡ್ತೆ, ತಕಂಡ್ ಹೋಯಿನಿ."

*ಎಷ್ಟು ಸೊಕ್ಕು! ಬೆರಳ ತುದಿಯಲ್ಲಿ ಎಣ್ಣೆ, ನಾಲಿಗೆಯಲ್ಲೂ ಎಣ್ಣೆ.*

"ಕೇಂಬುವ್ರಿಗ್ ಕಣ್ಣ್ ಕಾಂತಿಲ್ಲೆ. ಅವ್ರ್ ಪ್ಲೇಯರಿಗ್ ಒಂದೇ ದೊಡ್ಡ ಗುಂಡಿ. ತಡ್ಕಿ ಒತ್ತೂಕ್ ಆತ್ತ್. ಅದ್ಕೇ ಸಿ.ಡಿ.ಯೇ ಆಯ್ಕ್. ನಿಮ್ಗ್ ಬತ್ತಿಲ್ಲೆ ಅಂದ್ರೆ ಬತ್ತಿಲ್ಲೆ ಅನ್ನಿ, ಹಲ್ಲ್ ಯಾಕ್ ಕಾಣ್ಸ್ತ್ರಿ?"

ಅವನ ನಗು ಅಲ್ಲಿಗೆ ನಿಂತಿತು.

"ಅರ್ಧ ಆದ್ ಸಿ.ಡಿ. ಒಂದ್ ಇಟ್ಟ್ ಹೋಯಿನಿ. ನಾಳೆ ಬನ್ನಿ," ಎಂದ ಗೊಣಗಿಕೊಂಡು.

ಮನೆಯಲ್ಲಿ ಸುಂದರಿ ಅಜ್ಜಿ ಜಗುಲಿಯ ಮೇಲೆ ಕೊರಳಿಗೆ ಬಟ್ಟೆ ಸುತ್ತಿಕೊಂಡು ಕಾಯುತ್ತಿದ್ದಳು. ಸೋಮವಾರ ಗಂಟಲಿನ ಆಪರೇಷನ್. ದನಿ ಹಾಗೆಯೇ ಉಳಿಯುತ್ತದೆ ಎಂದು ಹೇಳಲು ಡಾಕ್ಟರಿಗೂ ಧೈರ್ಯವಿರಲಿಲ್ಲ. ಅಲ್ಲಿಯವರೆಗೆ ಮಾತಾಡಬಾರದು ಎಂದಿದ್ದರು.

ಆ ಕಣ್ಣು ಕಾಣದವಳು ಅಜ್ಜಿಯ ಗೆಳತಿ, ಹಂಗಾರಕಟ್ಟೆಯ ಪದ್ದು. ನಲವತ್ತು ವರ್ಷ, ಪ್ರತಿ ಆದಿತ್ಯವಾರ ಅಜ್ಜಿ ಬಸ್ಸು ಹಿಡಿದು ಹೋಗಿ ಅವಳಿಗೆ ಒಂದು ಕಥೆ ಹೇಳಿ ಬರುತ್ತಿದ್ದಳು. ಕಥೆ ಹೇಳುವಾಗ ಕೇಳುವವರು 'ಹೂಂ' ಅನ್ನುತ್ತಿರಬೇಕು. ಹೂಂ ಇಲ್ಲದಿದ್ದರೆ ಅಜ್ಜಿಯ ಬಾಯಿಂದ ಮುಂದಿನ ಮಾತು ಹೊರಡುವುದೇ ಇಲ್ಲ. ಗಂಟಲು ಕೆಟ್ಟಿತೆಂದು ತಿಳಿದ ದಿನದಿಂದ ವನಜ ಮೊಬೈಲು ಹಿಡಿದು, ಹೂಂ ಅನ್ನುತ್ತಾ, ಕಥೆಗಳನ್ನೆಲ್ಲ ರೆಕಾರ್ಡ್ ಮಾಡಿದ್ದಳು. ಆದಿತ್ಯವಾರದೊಳಗೆ ಸಿ.ಡಿ. ಮಾಡಿ ಪದ್ದಜ್ಜಿಗೆ ಮುಟ್ಟಿಸುತ್ತೇನೆಂದು ಮಾತೂ ಕೊಟ್ಟಿದ್ದಳು.

ಅಜ್ಜಿ ಪಿಸುಗುಟ್ಟಿದಳು: "ಹೆಣೆ, ಪದ್ದು ಹೂಂ ಅಂದದ್ದ್ ನನ್ನ್ ಕಿಮಿಗ್ ಬೀಳ್ದೆ ಆಸ್ಪತ್ರಿ ಮೆಟ್ಲ್ ಹತ್ತೂದಿಲ್ಲೆ."

"ಮಾತಾಡ್ಬೇಡಿ ಅಜ್ಜಿ!"

ತಮಾಷೆಯಲ್ಲ. ಅಜ್ಜಿ ಹಾಗೆಂದರೆ ಹಾಗೇ...

ಮರುದಿನ, ಶುಕ್ರವಾರ, ಜಿತೇಂದ್ರನ ಮುಖದಲ್ಲಿ ನಗುವಿರಲಿಲ್ಲ. ಬೇರೆ ಕಂಪನಿಯ ಖಾಲಿ ಸಿ.ಡಿ. ಹಾಕಿದ್ದ, ಬರೆಯುವ ವೇಗ ಇಳಿಸಿದ್ದ, ತುಂಬಿಹೋಗಿದ್ದ ಹಾರ್ಡ್ ಡಿಸ್ಕ್ ಖಾಲಿ ಮಾಡಿದ್ದ. ಏನೂ ಆಗಿರಲಿಲ್ಲ.

"ಗುಜ್ರಿಗ್ ಹಾಕಿ ಇದನ್ನ್."

"ಸಾಕ್. ನನ್ನ್ ಸಿ.ಡಿ. ಕೊಡಿ."

ಅವನು ಕಿವಿ ಕೆರೆದುಕೊಂಡ. "ಅದ್... ಎಲ್ಲೋ ಹೋಯ್ತ್, ಕಾಣಿ."

ವನಜಳ ಕಣ್ಣು ತುಂಬಿತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಎಲ್ಲೋ ಹೋಯ್ತಾ? ಅದ್ರಗೆ ನನ್ನ್ ಅಜ್ಜಿ ದನಿ ಇದ್ದಿತ್! ಸೋಮವಾರ ಆಪರೇಷನ್... ಸಿ.ಡಿ. ಮುಟ್ದೆ ಅಜ್ಜಿ ಹೋತಿಲ್ಲೆ ಅಂಬ್ರ್. ನಿಮ್ಗೆಂತ? ನಿಮ್ಗ್ ಗೋಳಿಬಜಿ ಸಿಕ್ರೆ ಸಾಕಲ್ದಾ! ಬೋರ್ಡಿನ್ ಮೇಲೆ 'ತಜ್ಞರು' ಅಂದ್ಹೇಳಿ ಬರ್ಸ್ಕಂಡಿದ್ರಿ, ನಾಚ್ಕಿ ಆತಿಲ್ಯಾ?"

ವನಜ ಡಬ್ಬ ಎತ್ತಿಕೊಂಡು ಹೊರಟೇಬಿಟ್ಟಳು.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಬೈಕು ನಿಂತಿತು.

ಅವನೇ! ಕೈಯಲ್ಲೊಂದು ಸ್ಕ್ರೂಡ್ರೈವರ್, ಹತ್ತಿ, ಸ್ಪಿರಿಟ್ ಬಾಟಲಿ. ವನಜ ಬಾಗಿಲಿಗೆ ಅಡ್ಡ ನಿಂತಳು.

"ಕರೀದೇ ಬಪ್ಪು ಅಭ್ಯಾಸವೂ ಇತ್ತಾ?"

"ರಿಕ್ಷಾದವ್ರ್ ಹತ್ರ ಮನಿ ಕೇಂಡ್ ಬಂದೆ. ಸಿ.ಡಿ. ಡ್ರೈವ್ ಬಿಚ್ಚಿ ಕಾಣ್ಲಿಲ್ಲೆ ನಾನ್. ಹಳೇದ್ ಅಂದ್ಹೇಳಿ ಸಸಾರ ಮಾಡ್ದೆ. ತಪ್ಪ್ ನಂದ್. ಒಂದ್ ಗಂಟಿ ಕೊಡಿ."

ಒಳಗಿನಿಂದ ಅಜ್ಜಿ ಎರಡು ಸಲ ಚಪ್ಪಾಳೆ ತಟ್ಟಿದಳು. ಮಾತು ನಿಂತ ಮೇಲೆ 'ಆಯ್ತು' ಎನ್ನುವುದಕ್ಕೆ ಅದೇ ಗುರುತು. ವನಜ ಹಲ್ಲು ಕಚ್ಚಿ ಪಕ್ಕಕ್ಕೆ ಸರಿದಳು.

ಅವನು ಡ್ರೈವ್ ಬಿಚ್ಚಿದ. ಮೊದಲು ಒಂದು ಅಕ್ಕಿಕಾಳು ಟಪ್ಪೆಂದು ನೆಲಕ್ಕೆ ಬಿತ್ತು. ಆಮೇಲೆ ಕೆಂಪು ಪುಡಿ. ಆಮೇಲೆ ಒಣಗಿದ ದಾಸವಾಳದ ಒಂದು ಎಸಳು.

ಜಿತೇಂದ್ರ ಎಸಳನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಇದೆಂತ?"

ವನಜಳ ಮುಖ ದಾಸವಾಳಕ್ಕಿಂತ ಕೆಂಪಾಯಿತು! ನವರಾತ್ರಿಯ ಆಯುಧ ಪೂಜೆಯ ದಿನ, ಅಜ್ಜಿಯ ದನಿ ಇಟ್ಟುಕೊಳ್ಳುವ ಯಂತ್ರಕ್ಕೆ ಹೊರಗೆ ಮಾತ್ರ ಪೂಜೆ ಸಾಕೇ ಎಂದು, ಸಿ.ಡಿ. ಇಡುವ ತಟ್ಟೆ ಹೊರಗೆಳೆದು ಗಂಧ, ಕುಂಕುಮ, ಅಕ್ಷತೆ, ಹೂವು ಎಲ್ಲ ಇಟ್ಟು ಒಳಗೆ ತಳ್ಳಿದ್ದಳು... ಸಿ.ಡಿ. ತಿರುಗಿದಂತೆಲ್ಲ ಕುಂಕುಮ ಹಾರಿ ಒಳಗಿನ ಲೆನ್ಸಿನ ಮೇಲೆ ಕೂತಿತ್ತು.

*ಈಗ ನಗುತ್ತಾನೆ. ಹೊಟ್ಟೆ ಹಿಡಿದುಕೊಂಡು ನಗುತ್ತಾನೆ.*

ಅವನು ನಗಲಿಲ್ಲ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಮಗುವಿನ ಕಣ್ಣೊರೆಸುವಂತೆ ಲೆನ್ಸ್ ಒರೆಸಿದ. ಎಸಳನ್ನು ಮಾತ್ರ ಬಿಸಾಡದೆ ಕಿಟಕಿಯ ದಂಡೆಯ ಮೇಲಿಟ್ಟ.

ಆದರೆ ಜೋಡಿಸಿ ನೋಡಿದರೆ ಪರದೆಯ ಮೇಲೆ ಮತ್ತೆ ಅದೇ ಎರಡು ಗಂಟೆ!

"ಕಂಡ್ರ್ಯಾ? ನಂದ್ ಒಬ್ಳ್‌ದೇ ತಪ್ಪಲ್ಲ!" ವನಜಳಿಗೆ ಒಂದು ಕ್ಷಣ ಖುಷಿಯೇ ಆಯಿತು. ಮರುಕ್ಷಣ ಅಜ್ಜಿಯ ಮುಖ ಕಂಡು ಆ ಖುಷಿ ಇಳಿಯಿತು.

ಜಿತೇಂದ್ರ ಪರದೆಯಲ್ಲಿ ಏನೇನೋ ತೆರೆದ. ಹಣೆ ಬಡಿದುಕೊಂಡ.

"ಥೋ! ಸಿಕ್ತ್. ಈ ಹಳೇ ಕಂಪ್ಯೂಟರ್ ಇತ್ತಲೆ, ಡ್ರೈವ್ ಆರ್ ಸಲ ತಪ್ಪ್ ಮಾಡ್ರೆ ಅದ್ರ್ ಮೇಲಿನ್ ನಂಬ್ಕಿ ಬಿಡ್ತ್. ಮತ್ತೆ ಕೊಡಪಾನದಗೆ ಕೊಡು ನೀರನ್ನ್ ಚಮ್ಚದಗೆ ಕೊಟ್ಟಂಗೆ. ಲೆನ್ಸ್ ಸಮಾ ಆದ್ರೂ ಅದಕ್ಕ್ ಹಳೇ ಸಿಟ್ಟೇ. ನಾವೇ ಹೋಯಿ ಆ ನೆನಪ್ ಅಳ್ಸ್ಕ್. ಅಳ್ಸದಿದ್ರೆ ಜನ್ಮದಗೆ ಸಮಾ ಆತಿಲ್ಲೆ."

ಅವನು ಪರದೆಯನ್ನೇ ನೋಡುತ್ತಿದ್ದ. ವನಜ ಅವನನ್ನು ನೋಡಿದಳು. ಮೊದಲ ಸಲ, ಮುಖ ಕಿವುಚದೆ.

"ಅಳ್ಸಿ ಹಂಗಾರೆ," ಎಂದಳು ಮೆಲ್ಲಗೆ.

ಅಳಿಸಿದ. ಯಂತ್ರ ಆರಿ, ಮತ್ತೆ ಬೆಳಗಿತು. ಹೊಸ ಸಿ.ಡಿ. ಒಳಗೆ ಹೋಯಿತು. ಹತ್ತು, ಇಪ್ಪತ್ತು, ನಲವತ್ತು... ಆರು ನಿಮಿಷ! ತಟ್ಟೆ ಹೊರಗೆ ಬಂತು. ಬಿಸಿ ಬಿಸಿಯಾಗಿ, ಬೆಳ್ಳಿಯಂತೆ.

ಜಿತೇಂದ್ರ ಅಂಗಿಯ ಜೇಬಿನಿಂದ ಇನ್ನೊಂದು ಸಿ.ಡಿ. ತೆಗೆದು ಅದರ ಪಕ್ಕದಲ್ಲಿಟ್ಟ.

ಅದು... ಕಳೆದುಹೋದದ್ದು!

"ಸುಳ್ಳ್ ಹೇಳಿದ್ರ್ಯಾ?"

"ಹೂಂ. ವಾಪಸ್ ಕೊಡೂಕ್ ಮನ್ಸ್ ಬರ್ಲಿಲ್ಲೆ. ಮಾವನ ಓಮ್ನಿಯಗೆ ಹಾಕಿ ನಾಲ್ಕ್ ಸಲ ಕೇಂಡೆ. ರಾಜಕುಮಾರಿ ದನಿ ಏಳ್ ಚಿಪ್ಪಿನಗೆ ಅಡ್ಗ್‌ಕಂಡಿತ್, ಅಂಬಿಗ ಹುಡುಕೂಕ್ ಹೋತ್ನಲೆ... ಏಳನೇ ಚಿಪ್ಪಿಗ್ ಬಂದ್ ನಿಂತ್ ಹೋತ್ತ್. ಮತ್ತೆಂತಾಯ್ತ್ ಅಂದ್ಹೇಳಿ ನಿದ್ರಿ ಬತ್ತಿಲ್ಲೆ."

"ಬರೀ ಕಥಿಗಾ?"

ಅವನು ತಲೆ ತಗ್ಗಿಸಿದ. "ಮೊದ್ಲ್ ಕಥಿಗೆ. ಮತ್ತೆ... ಅಜ್ಜಿ ಮಾತ್ ನಿಲ್ಸ್‌ದಲ್ಲೆಲ್ಲ ಒಬ್ರ್ ಹೂಂ ಅಂತ್ರ್. ಅಷ್ಟ್ ಮನ್ಸ್ ಕೊಟ್ಟ್ ಯಾರೂ ನನ್ ಮಾತ್ ಕೇಂಡದ್ದಿಲ್ಲೆ."

ವನಜಳಿಗೆ ಬೈಗುಳವೊಂದೂ ನೆನಪಾಗಲಿಲ್ಲ. ಎಂಥಾ ಅನ್ಯಾಯ! ಎರಡು ದಿನದಿಂದ ಎಷ್ಟು ಜೋಡಿಸಿಟ್ಟಿದ್ದಳು...

ಜಗುಲಿಯಿಂದ ಅಜ್ಜಿಯ ಪಿಸುದನಿ: "ಇಬ್ರೂ ದಡ್ಡ್ರ್. ಹಂಗಾರ್‌ಕಟ್ಟಿಗ್ ಹೋಯ್ನಿ, ಮೊದ್ಲ್!"

ಹಂಗಾರಕಟ್ಟೆಯ ಹೊಳೆಬದಿಯಲ್ಲಿ ದೋಣಿಗೆ ಮೊಳೆ ಹೊಡೆಯುವ ಸದ್ದು ಬರುತ್ತಿತ್ತು. ಪದ್ದಜ್ಜಿ ಬಾಗಿಲಲ್ಲೇ ಕುಳಿತಿದ್ದಳು.

"ಒಂದ್ ಸಿ.ಡಿ. ತಟ್ಟಿ ತಂದ್ ಕೊಡೂಕೆ ಇಷ್ಟ್ ದಿನವಾ? ಸುಂದ್ರಿ ಮೊಮ್ಮಗ್ಳ್ ಅಂದ್ಹೇಳಿ ಹೇಳ್ಕಂಬುಕೆ ನಾಚ್ಕಿ ಆಯ್ಕ್. ಅದ್ಯಾರ್, ಗಂಡ್ಸಿನ್ ಉಸ್ರ್ ಕೇಂತ್ತಲೆ?"

"ರಿಪೇರಿಯವ್ರ್, ಪದ್ದಜ್ಜಿ."

"ರಿಪೇರಿಗ್ ಬಪ್ಪರ್ ಇಷ್ಟ್ ಹತ್ರ ನಿಲ್ಲೂದಿಲ್ಲೆ."

ಜಿತೇಂದ್ರ ಒಂದು ಹೆಜ್ಜೆ ಹಿಂದೆ ಸರಿದ. ವನಜ ಅಜ್ಜಿಗೆ ಫೋನು ಮಾಡಿ, ಪ್ಲೇಯರಿನ ಪಕ್ಕದಲ್ಲಿಟ್ಟಳು. ಪದ್ದಜ್ಜಿಯ ಬೆರಳು ತಡಕಿತು, ದೊಡ್ಡ ಗುಂಡಿ ಸಿಕ್ಕಿತು, ಒತ್ತಿತು.

'ಹ್ವಾಯ್ ಪದ್ದೂ... ಒಂದ್ ಊರಗೆ ಒಬ್ಳ್ ರಾಜಕುಮಾರಿ ಇದ್ದಿದ್ಳ್.'

ಪದ್ದಜ್ಜಿ ಪ್ಲೇಯರಿಗೆ ಕಿವಿ ತಾಗಿಸಿದಳು. "ಹೂಂ," ಎಂದಳು.

ಫೋನಿನ ಆ ಕಡೆಯಿಂದ ಎರಡು ಚಪ್ಪಾಳೆ! ವನಜ ಸೆರಗಿನಿಂದ ಕಣ್ಣೊತ್ತಿಕೊಂಡಳು. ಸೋಮವಾರ ಅಜ್ಜಿ ಮೆಟ್ಟಿಲು ಹತ್ತುತ್ತಾಳೆ.

ಕಥೆ ಎಲ್ಲೂ ನಿಲ್ಲದೆ ಸಾಗಿ ಏಳನೇ ಚಿಪ್ಪಿಗೆ ಬಂತು. ಜಿತೇಂದ್ರ ಉಸಿರು ಬಿಗಿಹಿಡಿದ.

'ಚೂರಿ ಹಾಕ್ದ, ಬಾಯಿ ಬಿಡ್ಲಿಲ್ಲೆ. ಕಲ್ಲಗೆ ಜಪ್ಪಿದ, ಬಿಡ್ಲಿಲ್ಲೆ. ಕಡಿಗ್ ಅಂಬಿಗ ಸುಮ್ನೆ ಅದ್ರ್ ಹತ್ರ ಕೂಕಂಡ. ನೀ ಹೇಳ್, ನಾ ಕೇಂತೆ ಅಂದ. ಆಗ ಅದೇ ತೆರ್‌ಕಂಡ್ತ್.'

ಪ್ಲೇಯರಿನೊಳಗಿನ ವನಜ 'ಹೂಂ' ಎಂದಳು. ಪದ್ದಜ್ಜಿ ಹೂಂ ಎಂದಳು. ಜಿತೇಂದ್ರನೂ, ತನಗೇ ತಿಳಿಯದಂತೆ, ಹೂಂ ಎಂದುಬಿಟ್ಟ!

ಅವನು ವನಜಳ ಕಡೆ ಬಾಗಿ ಪಿಸುಗುಟ್ಟಿದ. "ನನ್ನ್ ಹತ್ರವೂ ಒಂದ್ ಕಥಿ ಇತ್ತ್. ಹೇಳ್ಲಾ?"

"ಅರ್ಧಕ್ಕ್ ನಿಲ್ಸೂಕಾಗ."

"ಇಲ್ಲೆ... ಒಂದ್ ಊರಗೆ ಒಬ್ಬ ಸೊಕ್ಕಿನ್ ರಿಪೇರಿಯವ ಇದ್ದಿದ್ದ."

ಸಿ.ಡಿ. ಕೊನೆಯವರೆಗೆ ತಿರುಗಿ, ತಾನಾಗಿಯೇ ಮೆಲ್ಲಗೆ ನಿಂತಿತು.

"ಹೂಂ," ಎಂದಳು ವನಜ.