ಸಾಗುವಾನಿ ಕಂಬದ ಮೊಳೆ

"ಆ ಮೊಳಿಗಷ್ಟ ಕೈ ಹಚ್ಚಬ್ಯಾಡ್ರಿ ಬಾಯಾರ," ಎಂದ ವಾಡೆಯ ಯಜಮಾನ ಅಣ್ಣಾಸಾಹೇಬ. "ನಮ್ಮ ತಂಗಿಗೆ ಯಾರೋ ಮಾಟಾ ಮಾಡಿಸಿದ್ರು. ಆಕಿ ಉಸರು ಆ ಮೊಳಿ ಮ್ಯಾಲೆ ನಿಂತೈತಿ."

ಮಧುಮತಿಗೆ ನಗು ಬಂತು. ಜಮಖಂಡಿಯ ಹಳೆಯ ವಾಡೆಗಳ ಸಂಶೋಧನೆ, ದುರಸ್ತಿಗೆಂದು ಧಾರವಾಡದಿಂದ ಬಂದವಳಿಗೆ ಇಂಥ ಕತೆಗಳು ಮನೆಗೊಂದರಂತೆ ಸಿಕ್ಕಿದ್ದವು. ಅವಳ ಕಣ್ಣಿಗೆ ಬಿದ್ದದ್ದು ತುಕ್ಕು ಮಾತ್ರ. ತುಕ್ಕು ಹಿಡಿದ ಮೊಳೆ ಸಾಗುವಾನಿ ಕಂಬವನ್ನು ಒಳಗಿನಿಂದ ತಿನ್ನುತ್ತಿತ್ತು. ಕಂಬ ಹೋದರೆ ಪಡಸಾಲೆಯೇ ಕುಸಿಯುತ್ತದೆ. ಅಣ್ಣಾಸಾಹೇಬ ಚಹಾ ತರಲು ಒಳಗೆ ಹೋದದ್ದೇ ತಡ, ಇಕ್ಕಳ ಹಾಕಿ ಜಗ್ಗಿದಳು. ಮೊಳೆಯೊಂದಿಗೆ ಅದಕ್ಕೆ ಸುತ್ತಿದ್ದ ಕೂದಲೂ ಬಂತು. ಲೋಬಾನದ ಹೊಗೆ, ಸುಟ್ಟ ಚರ್ಮ ಎರಡೂ ಬೆರೆತ ವಾಸನೆ ಮೂಗಿಗೆ ಬಡಿಯಿತು. ಆದರೂ ಕಲಿತ ಪದ್ಧತಿ ಬಿಡದೆ, ಮರದ ಹುಡಿಗೆ ಬೇಗ ಗಟ್ಟಿಯಾಗುವ ಅಂಟು ಕಲಸಿ ತೂತು ಮುಚ್ಚಿದಳು. ಕೆಲಸವೇನೋ ಅಚ್ಚುಕಟ್ಟು, ಹೆಸರಿಡುವಂತಿರಲಿಲ್ಲ.

ಒಳಕೋಣೆಯಿಂದ ಹರಿದ ತಿದಿ ಊದಿದಂಥ ಸದ್ದು ಕೇಳಿಸಿತು. ಅವಳು ಓಡಿದಳು. ಹಾಡುಹಗಲಲ್ಲೂ ಅಲ್ಲಿ ಕತ್ತಲು. ಕರ್ಪೂರದ, ಬೆವರಿನ ಕಮಟು. ಮಂಚದ ಮೇಲೆ ತಂಗಿ ರತ್ನಾಬಾಯಿ ಗಂಟಲು ಹಿಡಿದು ಹೊರಳುತ್ತಿದ್ದಳು. ತುಟಿ ನೀಲಿಗಟ್ಟಿತ್ತು.

"ತಗದ್ರಿ?" ಅಣ್ಣಾಸಾಹೇಬ ಚಹಾ ಬಿಟ್ಟು ಓಡಿಬಂದ.

"ದವಾಖಾನೆಗೆ ಫೋನ್ ಮಾಡ್ರಿ."

"ದವಾಖಾನಿ ಎಲ್ಲಾ ನೋಡಿ ಆಗೇತ್ರಿ. ಮೊಳಿ ಕೊಡ್ರಿ, ನಾನ ಹೊಡೀತೇನಿ. ಹೊಡದವರು..."

ಪೂರ್ತಿ ಕೇಳುವ ತಾಳ್ಮೆ ಅವಳಿಗೆಲ್ಲಿತ್ತು? ಸುತ್ತಿಗೆ ಹಿಡಿದು ಕಂಬದ ಬಳಿಗೆ ಓಡಿದಳು. ಮುಚ್ಚಿದ ತೂತು ಮೊಳೆಯನ್ನು ಒಳಗೆ ಬಿಡಲಿಲ್ಲ. ಅವಳದೇ ಅಂಟು. ಪಕ್ಕದಲ್ಲಿ ಊರಿದಳು. ಹೊಡೆದಳು. ಜಾರಿತು. ಒಳಗೆ ಸದ್ದು ನಿಂತುಹೋಯಿತು. ಮತ್ತೆ ಹೊಡೆದಳು. ಬೆರಳು ಜಜ್ಜಿತು. ರಕ್ತ. ಮತ್ತೆ ಹೊಡೆದಳು. ಮೊಳೆ ಇಳಿಯಿತು.

ರತ್ನಾಬಾಯಿ ಜೋರಾಗಿ ಉಸಿರೆಳೆದುಕೊಂಡಳು.

ಮಧುಮತಿ ಅತ್ತೇಬಿಟ್ಟಳು. ನಾಚಿಕೆಯಿಂದ ಅಣ್ಣಾಸಾಹೇಬನಿಗೆ ಕೈಮುಗಿದು, ಚೀಲ ಹೆಗಲಿಗೇರಿಸಿ ಹೊಸ್ತಿಲ ಆಚೆ ಕಾಲಿಟ್ಟಳು. ಅವಳದೇ ಉಸಿರು ನಿಂತಿತು. ಹಿಂದೆ ಸರಿದಳು. ಬಂತು. ಮತ್ತೆ ದಾಟಿದಳು. ಕಣ್ಣು ಕತ್ತಲಿಟ್ಟು ಒಳಗೇ ಬಿದ್ದಳು.

"ಹೊಡದವರು ಹೊಸ್ತಲಾ ದಾಟಾಂಗಿಲ್ರಿ," ಎಂದ ಅಣ್ಣಾಸಾಹೇಬ. "ಅದನ್ನ ಹೇಳಾಕತ್ತಿದ್ದೆ. ನಮ್ಮವ್ವ ಸತ್ತಾಗ ನಾ ಮಣ್ಣಿಗೂ ಹೋಗಾಕ ಆಗಲಿಲ್ರಿ."

ಅವನು ಅಂಜುತ್ತ ಒಂದು ಕಾಲು ಆಚೆ ಇಟ್ಟ. ಉಸಿರು ಬಿಗಿಹಿಡಿದು ನಿಂತ. ಆಮೇಲೆ ಇನ್ನೊಂದು ಕಾಲನ್ನೂ ಇಟ್ಟ. ಓಣಿಯ ಬಿಸಿಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ. ಕಣ್ಣೊರೆಸಿಕೊಂಡು ಎದ್ದವನಿಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

"ಪ್ಯಾಟಿಗೆ ಹೊಂಟೇನಿ ಬಾಯಾರ," ಎಂದ ಮೆಲ್ಲಗೆ. "ನಿಮಗೇನು ತರ್ಲಿ?"