ಮೂವತ್ತೊಂದು ಗಂಟುಗಳು

1932ರ ಮಾರ್ಚ್ 4, ಬೆಳಿಗ್ಗೆ 9.20. ಟೋಕಿಯೋದ ಸುಮಿದಾ ನದಿಯಾಚೆಯ ಠಾಣೆಗೆ ಬಡಾವಣೆಯ ಮಹಿಳಾ ಸಂಘದ ಮುಖ್ಯಸ್ಥೆ ತತ್ಸುಓಕಾ ಅವರಿಂದ ದೂರು ಬಂತು. ಮರುದಿನ ಶಾಂಘೈಗೆ ಹೊರಡಲಿದ್ದ ಸೈನಿಕ ಇವಾಓನ ನಡುಪಟ್ಟಿಗೆ ಇಸ್ತ್ರಿ ಮಾಡುವಾಗ ಒಳಗೆ ಕಾಗದ ಸರಬರ ಎಂದಿತಂತೆ. ಸಾವಿರ ಹೆಂಗಸರು ಒಬ್ಬೊಬ್ಬರು ಒಂದೊಂದು ಕೆಂಪು ಗಂಟು ಹಾಕಿದರೆ ಗುಂಡಿನಿಂದ ಕಾಯುತ್ತದೆಂದು ನಂಬುವ ಪಟ್ಟಿ ಅದು.

ಇನ್‌ಸ್ಪೆಕ್ಟರ್ ಕುರಿಮೋತೊ ಮಹಜರು ನಡೆಸಿ ಒಳಪದರ ಬಿಚ್ಚಿಸಿದರು. ಕೈಬರಹದ ನಾಲ್ಕು ಹಾಳೆ, ಒಂದು ಕತೆ. ಶಾಂಘೈನ ಬೀದಿಯಲ್ಲಿ ಬಂದೂಕು ಎತ್ತಿದ ಜಪಾನಿ ನೂಲುಗಾರನಿಗೆ, ಎದುರಿನ ಚೀನೀ ಸೈನಿಕನ ಬೆರಳಲ್ಲೂ ನೂಲು ಕೊಯ್ದ ಗಾಯ ಕಾಣುತ್ತದೆ. ನಿಷೇಧಿತ ಕಾರ್ಮಿಕ ಪತ್ರಿಕೆಗಳನ್ನು ಮೂಟೆಗಟ್ಟಲೆ ಜಪ್ತಿ ಮಾಡಿದ್ದ ಕುರಿಮೋತೊ ಇದನ್ನು ನಿಂತೇ ಎರಡು ಸಲ ಓದಿದರು.

ಪೇದೆ ನಿವಾ ಗಂಟುಗಳನ್ನು ಎಣಿಸಿದ. ಪದರ ಮುಚ್ಚಿದ ಅಂಚಿನ ಮೇಲೆ ಒಂದೇ ಕೈಯ ಮೂವತ್ತೊಂದು ಗಂಟು.

"ಸಾರ್, ಹುಲಿ ವರ್ಷದವಳು," ಎಂದ. ಹುಲಿ ಸಾವಿರ ಹರದಾರಿ ಹೋದರೂ ಮರಳಿ ಬರುತ್ತದೆಂಬ ನಂಬಿಕೆ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಹುಲಿ ವರ್ಷದಲ್ಲಿ ಹುಟ್ಟಿದವಳು ಮಾತ್ರ ತನ್ನ ವಯಸ್ಸಿನಷ್ಟು ಗಂಟು ಹಾಕಬಹುದು.

ಗಂಟು ಹಾಕಿಸಲು ಪಟ್ಟಿ ಕೊನೆಗೆ ಹೋಗಿದ್ದು ನೂಲಿನ ಗಿರಣಿಗೆ. ಅಲ್ಲಿನ ಹಾಜರಿ ಪುಸ್ತಕದಲ್ಲಿ ಮೂವತ್ತೊಂದರ ಹುಲಿ ಒಬ್ಬಳೇ: ಮಿಕುನಿ ತೊಯೊ. ಮಧ್ಯಾಹ್ನ 2.10ಕ್ಕೆ ಬಂಧನ. ಕೈಬರಹ ತಾಳೆಯಾಯಿತು. ಅವಳು ಅಲ್ಲಗಳೆಯಲೂ ಇಲ್ಲ.

"ಯುದ್ಧ ಬೇಡ ಅಂತ ಬರೀತೀಯ, ಯುದ್ಧಕ್ಕೆ ಹೋಗೋನಿಗೆ ರಕ್ಷೆ ಕಟ್ತೀಯ. ಇದ್ಯಾವ ನ್ಯಾಯಮ್ಮ?" ಕುರಿಮೋತೊ ಕೇಳಿದರು.

"ಎರಡೂ ಒಂದೇ ಅಲ್ವಾ ಸ್ವಾಮಿ? ಅವನು ಬದುಕಿ ಬರ್ಲಿ ಅಂತ ತಾನೆ."

"ಒಂದೇ ಗಂಟು ಹಾಕಿದ್ರೆ ಸಿಕ್ಕಿಬೀಳ್ತಿರಲಿಲ್ಲ."

"ಗೊತ್ತಿತ್ತು. ಸಾವಿರಕ್ಕೆ ಮೂವತ್ತು ಕಡಿಮೆ ಬೀಳ್ತಿತ್ತಲ್ಲ."

ಕುರಿಮೋತೊ ತಪ್ಪೊಪ್ಪಿಗೆಯ ಹಾಳೆಯನ್ನು ಅವಳತ್ತ ಸರಿಸಿದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥ ಕೈದಿಯ ಮುಂದೆ ಅವರು ಕೂತಿರಲಿಲ್ಲ. ಸರ್ಕಾರದ ವಿರೋಧಿಗಳನ್ನು ಹತ್ತಿಕ್ಕುವ ಶಾಂತಿ ರಕ್ಷಣಾ ಕಾಯ್ದೆಯಡಿ ಅವಳಿಗೆ ಎಷ್ಟು ವರ್ಷ ಜೈಲು ಕಾದಿದೆಯೆಂದು ಇಬ್ಬರಿಗೂ ತಿಳಿದಿತ್ತು. ತಪ್ಪೊಪ್ಪಿಗೆಗೆ ಸಹಿ ಹಾಕುತ್ತ ಅವಳು ಕೇಳಿದ್ದು ಒಂದೇ: ಪಟ್ಟಿಯನ್ನು ಹುಡುಗನಿಗೆ ಕೊಟ್ಟುಬಿಡಿ.

ಜಪ್ತಿ ದಾಖಲೆಯಲ್ಲಿ ಕುರಿಮೋತೊ ನಾಲ್ಕು ಹಾಳೆಗಳನ್ನಷ್ಟೇ ನಮೂದಿಸಿದರು. ನಡುಪಟ್ಟಿಯ ಅಂಚನ್ನು ನಿವಾನ ಹೆಂಡತಿ ಮತ್ತೆ ಹೊಲಿದು, ಸಂಜೆಯೊಳಗೆ ಇವಾಓನ ತಾಯಿಗೆ ತಲುಪಿಸಿದಳು.

ವರದಿಯಲ್ಲಿ ಅಪರಾಧದ ಕಾರಣದ ಅಂಕಣದಲ್ಲಿ ಕುರಿಮೋತೊ ಬರೆದದ್ದು ಇಷ್ಟು: ಆರೋಪಿಯ ತಮ್ಮ ನಾಲ್ಕು ವರ್ಷದ ಹಿಂದೆ ಚೀನಾದ ಜಿನಾನ್‌ನ ಕಾಳಗದಲ್ಲಿ ಸತ್ತಿದ್ದಾನೆ. ರಜೆ ಸಿಗದೆ ಆರೋಪಿಗೆ ಬೀದಿಯಲ್ಲಿ ನಿಂತು ಹೆಂಗಸರಿಂದ ಗಂಟು ಹಾಕಿಸಲಾಗದ ಕಾರಣ, ಅವನ ಪಟ್ಟಿಗೆ ಆರುನೂರು ಗಂಟುಗಳಷ್ಟೇ ಬಿದ್ದಿದ್ದವು.